ಕಸದ ಲಾರಿ ಮತ್ತು ನೆರೆಯವನ ಹಕ್ಕು

(ಬಟವಾಡಿಯ ನಿವಾಸಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಲಿಖಿತ ರೂಪ)



ಬೆಂಗಳೂರಿನ ಕಡೆಯಿಂದ ತುಮಕೂರಿಗೆ ಬರುವವರ ಪಾಲಿಗೆ ಬಟವಾಡಿಯು ನಗರದ ಹೆಬ್ಬಾಗಿಲಿದ್ದಂತೆ. ಒಂದೆಡೆ ರಾಷ್ಟ್ರೀಯ ಹೆದ್ದಾರಿ 48, ಇನ್ನೊಂದೆಡೆ ನಾವು ಬಿ.ಎಚ್. ರಸ್ತೆಯೆಂದು ಕರೆಯುವ ಬೆಂಗಳೂರು–ಹೊನ್ನಾವರ ರಸ್ತೆ, ಜೊತೆಗೆ ಎಪಿಎಂಸಿ ಪ್ರಾಂಗಣ. ಆದ್ದರಿಂದ ಲಾರಿ ಎಂಬುದು ಇಲ್ಲಿನವರಿಗೆ ಹೊಸದಲ್ಲ. ದವಸಧಾನ್ಯ ತುಂಬಿದ ಲಾರಿ ಬಂದು ನಿಂತರೆ ಹಮಾಲಿಗೆ ಕೂಲಿ ದೊರೆಯುತ್ತದೆ, ವರ್ತಕನಿಗೆ ವ್ಯಾಪಾರವಾಗುತ್ತದೆ, ರೈತನ ಕೈಗೆ ನಾಲ್ಕು ಕಾಸು ಸೇರುತ್ತದೆ. ಅದರ ಸದ್ದನ್ನೂ ಧೂಳನ್ನೂ ಜನರು ಒಂದಿಷ್ಟು ಸಹಿಸಿಕೊಳ್ಳುವುದು ಇದೇ ಕಾರಣಕ್ಕೆ. ಕಸ ತುಂಬಿದ ಲಾರಿಯ ವಿಚಾರ ಹಾಗಲ್ಲ. ತಾನು ಹಾದುಹೋಗುವ ಬೀದಿಗೆ ಅದು ಏನನ್ನೂ ಕೊಡುವುದಿಲ್ಲ. ದುರ್ವಾಸನೆ, ರಸ್ತೆಗೆ ಸುರಿಯುವ ಕೊಳೆನೀರು, ಡೀಸೆಲ್ ಹೊಗೆ ಮತ್ತು ಅಪಘಾತದ ಭೀತಿ, ಇವಿಷ್ಟೇ ಆ ಬೀದಿಯ ಪಾಲು. ಇಂದು ನಾನು ಮಾತನಾಡಬಯಸುವುದು ಈ ಲಾರಿಯ ಕುರಿತೇ.

ನಮ್ಮಲ್ಲಿ ಒಂದು ತಪ್ಪು ತಿಳುವಳಿಕೆ ಬೇರೂರಿಬಿಟ್ಟಿದೆ. ಮನೆಯ ಮುಂದಿನಿಂದ ಕಸ ಎತ್ತಿಕೊಂಡು ಹೋದರೆ ನಗರಪಾಲಿಕೆಯ ಕರ್ತವ್ಯ ಮುಗಿಯಿತು, ಮನೆಗಂದಾಯ ಕಟ್ಟಿದರೆ ನಮ್ಮ ಕರ್ತವ್ಯ ಮುಗಿಯಿತು ಎಂದು ನಾವು ಭಾವಿಸಿದ್ದೇವೆ. ವಸ್ತುತಃ ಅಲ್ಲಿ ನಡೆಯುವುದು ಬರಿಯ ಸ್ಥಳಾಂತರ. ನಮ್ಮ ಬಾಗಿಲಿನಿಂದ ಹೊರಟ ಕಸವು ಇನ್ನೊಬ್ಬರ ಬಾಗಿಲ ಮುಂದೆ ಹಾದು, ಮತ್ತೊಬ್ಬರ ಹೊಲದ ಬದುವಿಗೆ ಹೋಗಿ ಬೀಳುತ್ತದೆ. ದಾರಿಯಲ್ಲಿರುವ ಹಾನಿಕರ ವಸ್ತುವನ್ನು ಸರಿಸುವುದು ಪುಣ್ಯಕಾರ್ಯವೆಂದು ಪ್ರವಾದಿವರ್ಯರು(ಸ) ಕಲಿಸಿರುವುದನ್ನು ನಾವು ನಮ್ಮ ಮಕ್ಕಳಿಗೆ ಹೇಳಿಕೊಡುತ್ತೇವೆ. ನಮ್ಮ ದಾರಿಯಿಂದ ತೆಗೆದು ನೆರೆಯವನ ದಾರಿಗೆ ಹಾಕುವುದು ಆ ಬೋಧನೆಯ ಪಾಲನೆಯಾದೀತೇ?

ಕಸದ ಲಾರಿಗಳ ಸಂಖ್ಯೆಯು ವಿಧಿಲಿಖಿತವಲ್ಲ. ಅದನ್ನು ನಿರ್ಧರಿಸುವುದು ನಮ್ಮ ಅಡುಗೆಮನೆ ಮತ್ತು ಪಾಲಿಕೆಯ ಟೆಂಡರ್ ಕಡತ. ಇವೆರಡೂ ಬದಲಾದರೆ ಲಾರಿಗಳು ಕಡಿಮೆಯಾಗುತ್ತವೆ. ನಾನು ನಿಮ್ಮ ಮುಂದಿಡಬಯಸುವ ವಾದ ಇದೊಂದೇ.

ಲಾರಿ ಹೊರುವುದು ಏನನ್ನು?

ನಮ್ಮ ನಗರಗಳ ಮನೆಗಳಿಂದ ಹೊರಬೀಳುವ ಕಸದಲ್ಲಿ ಸುಮಾರು ಅರ್ಧದಷ್ಟು, ಹಲವೆಡೆ ಅದಕ್ಕೂ ಹೆಚ್ಚು, ಹಸಿ ಕಸವಾಗಿರುತ್ತದೆ. ತರಕಾರಿಯ ಸಿಪ್ಪೆ, ಉಳಿದ ಅನ್ನ, ಸಾರು, ಹಣ್ಣಿನ ತಿರುಳು ಇತ್ಯಾದಿ. ಅದರ ತೂಕದಲ್ಲಿ ಬಹುಪಾಲು ಬರಿಯ ನೀರು. ಅಂದರೆ ಸಾರ್ವಜನಿಕರ ತೆರಿಗೆಯ ಹಣದಿಂದ ಡೀಸೆಲ್ ಸುಟ್ಟು ನಾವು ಊರಾಚೆಗೆ ಸಾಗಿಸುತ್ತಿರುವುದು ನೀರನ್ನು! ಇನ್ನು ಕಲ್ಪತರು ನಾಡಾದ ತುಮಕೂರಿನಲ್ಲಿ ಎಳನೀರಿನ ಬುರುಡೆಗಳಿಗೆ ಬರವೇ? ಟೊಳ್ಳಾದ ಬುರುಡೆಗಳು ತೂಕಕ್ಕಿಂತ ಜಾಗವನ್ನೇ ಹೆಚ್ಚು ನುಂಗುತ್ತವೆ. ಅವುಗಳನ್ನು ತುಂಬಿದ ಲಾರಿಯು ಅರ್ಧ ಭಾಗ ಗಾಳಿಯನ್ನೇ ಹೊತ್ತು ಸಾಗುತ್ತದೆ.

ಲೆಕ್ಕದ ಅನುಕೂಲಕ್ಕಾಗಿ ಒಂದು ನಗರದಲ್ಲಿ ದಿನಕ್ಕೆ 100 ಟನ್ ಕಸ ಸಂಗ್ರಹವಾಗುತ್ತದೆಂದು ಭಾವಿಸೋಣ. ಮನೆಮನೆಗೆ ಬರುವ ಆಟೋ ಟಿಪ್ಪರ್ ಒಂದು ಸಲಕ್ಕೆ ಅರ್ಧದಿಂದ ಮುಕ್ಕಾಲು ಟನ್ ಹೊರಬಲ್ಲುದು. ಅವೇ ವಾಹನಗಳು ಊರಾಚೆಯ ಘಟಕದವರೆಗೂ ಹೋಗಬೇಕಾದರೆ 130ರಿಂದ 200 ಬಾರಿ ಹೋಗಬೇಕು, ಅಷ್ಟೇ ಬಾರಿ ಮರಳಬೇಕು. ನಡುವೆ ಒಂದೆಡೆ ಸೇರಿಸಿ 8 ಟನ್ ಹೊರುವ ದೊಡ್ಡ ಲಾರಿಗಳಿಗೆ ವರ್ಗಾಯಿಸಿದರೆ 13 ಬಾರಿ ಸಾಕು. ಆದರೆ ಆ ವರ್ಗಾವಣೆಯ ಸ್ಥಳದ ಸುತ್ತಲಿನ ಮನೆಗಳು ಇಡೀ ನಗರದ ದುರ್ವಾಸನೆಯನ್ನು ಉಣ್ಣಬೇಕಾಗುತ್ತದೆ. ಹೀಗೆ ಒಂದು ಬೀದಿಯ ನೋವು ಇನ್ನೊಂದು ಬೀದಿಗೆ ವರ್ಗವಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಇದೇ 100 ಟನ್ನಿನಲ್ಲಿ 50 ಟನ್ ಹಸಿ ಕಸವು ಆಯಾ ವಾರ್ಡಿನಲ್ಲೇ ಗೊಬ್ಬರವಾದರೆ? 20 ಟನ್ ಕಾಗದ, ರಟ್ಟು, ಪ್ಲಾಸ್ಟಿಕ್, ಲೋಹ ಬೇರೆಯಾಗಿ ಮಾರಾಟವಾದರೆ? ಆಗ ಊರಾಚೆಗೆ ಹೋಗಬೇಕಾದದ್ದು 30 ಟನ್ ಮಾತ್ರ. 13 ಬಾರಿ ಓಡಬೇಕಿದ್ದ ದೊಡ್ಡ ಲಾರಿಗೆ 4 ಬಾರಿ ಸಾಕು. ಹಸಿ ಕಸವು ಗೊಬ್ಬರವಾಗುವಾಗ ಅದರ ತೂಕ ನಾಲ್ಕನೇ ಒಂದು ಭಾಗಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿಯುತ್ತದೆ. ಉಳಿಯುವ ಗೊಬ್ಬರವನ್ನೂ ರಟ್ಟನ್ನೂ ಸಾಗಿಸಲು ವಾಹನ ಬೇಕು, ನಿಜ. ಆದರೆ ಅದು ಬೆಲೆಯುಳ್ಳ ಸರಕು. ಅದು ಸೋರುವುದಿಲ್ಲ, ನಾರುವುದಿಲ್ಲ, ಅದಕ್ಕಾಗಿ ಕಾಯುವ ಗಿರಾಕಿಯೂ ಇರುತ್ತಾನೆ.

ಬೀದಿ ತೆರುವ ಬೆಲೆ

ಹಸಿ ಮತ್ತು ಒಣ ಕಸ ಬೆರೆತಾಗ, ಅದನ್ನು ಕಾಂಪ್ಯಾಕ್ಟರ್ ಲಾರಿಯಲ್ಲಿ ಒತ್ತಿದಾಗ, ಕಪ್ಪಾದ ಕೊಳೆನೀರು ಒಸರುತ್ತದೆ. ಅದನ್ನು ಹಿಡಿದಿಡುವ ತೊಟ್ಟಿ ತುಂಬಿದರೆ ಅಥವಾ ತುಕ್ಕು ಹಿಡಿದಿದ್ದರೆ ಅದೆಲ್ಲವೂ ರಸ್ತೆಯ ಪಾಲು. ತಿರುವುಗಳಲ್ಲಿ ಬಿದ್ದ ಆ ಜಿಡ್ಡಿನ ಮೇಲೆ ದ್ವಿಚಕ್ರ ವಾಹನ ಜಾರಿದರೆ ಹಿಂದೆ ಕುಳಿತ ತಾಯಿಯೂ ಮಗುವೂ ನೆಲಕ್ಕೆ ಬೀಳುತ್ತಾರೆ. ಪೊಲೀಸ್ ದಾಖಲೆಯಲ್ಲಿ ಅದು ಸವಾರನ ಅಜಾಗರೂಕತೆ ಎಂದಾಗಬಹುದು. ಕೊಳೆನೀರಿನ ಹೆಸರು ಎಲ್ಲಿಯೂ ಬರುವುದಿಲ್ಲ.

ಭಾರದ ವಾಹನವು ರಸ್ತೆಗೆ ಮಾಡುವ ಹಾನಿಯು ತೂಕ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಯ ಸವೆತ ಸುಮಾರು ಹದಿನಾರು ಪಟ್ಟಾಗುತ್ತದೆಂಬುದು ರಸ್ತೆ ಇಂಜಿನಿಯರುಗಳು ಬಳಸುವ ಅಂದಾಜು ಸೂತ್ರ. ಕಾರು ಮತ್ತು ಸ್ಕೂಟರುಗಳಿಗೆಂದು ಡಾಂಬರು ಹಾಕಿದ ಬಡಾವಣೆಯ ಒಳರಸ್ತೆಯಲ್ಲಿ ತುಂಬಿದ ಲಾರಿ ನಿತ್ಯವೂ ಓಡಾಡಿದರೆ ರಸ್ತೆ ಕುಸಿಯುತ್ತದೆ, ಒಳಚರಂಡಿಯ ಮುಚ್ಚಳ ಒಡೆಯುತ್ತದೆ, ನೆಲದಡಿಯ ನೀರಿನ ಪೈಪು ಬಿರುಕು ಬಿಡುತ್ತದೆ. ಆ ಬಿರುಕಿನ ಮೂಲಕ ಕುಡಿಯುವ ನೀರಿಗೆ ಸೇರುವುದೇನೆಂದು ನಾನು ವಿವರಿಸಬೇಕಾಗಿಲ್ಲ.

ಸದ್ದಿನ ವಿಷಯಕ್ಕೆ ಬರೋಣ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಎಂಬ ಮಿತಿಯನ್ನು ಗೊತ್ತುಪಡಿಸಿವೆ. ರಾತ್ರಿಯೆಂದರೆ 10 ಗಂಟೆಯಿಂದ ಬೆಳಗಿನ 6 ಗಂಟೆಯವರೆಗೆ. ಹಗಲಿನ ವಾಹನ ದಟ್ಟಣೆಯನ್ನು ತಪ್ಪಿಸಲೆಂದು ಕಸದ ಲಾರಿಯನ್ನು ರಾತ್ರಿ ಓಡಿಸಿದರೆ ಶಾಲಾ ಮಕ್ಕಳು ಪಾರಾಗುತ್ತಾರೆ, ಆದರೆ ರೋಗಿಗಳು ಮತ್ತು ವೃದ್ಧರು ನಿದ್ದೆ ಕಳೆದುಕೊಳ್ಳುತ್ತಾರೆ. ಆದ್ದರಿಂದ ವೇಳೆ ಬದಲಾಯಿಸುವುದು ಅರ್ಧ ಪರಿಹಾರ ಮಾತ್ರ. ಓಡಾಟವೇ ಕಡಿಮೆಯಾಗಬೇಕು.

2022ರ ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಬೆಂಗಳೂರಿನ ರಸ್ತೆಗಳಲ್ಲಿ ಕಸದ ಲಾರಿಗಳಿಗೆ ಸಿಕ್ಕಿ ಒಬ್ಬರ ಹಿಂದೊಬ್ಬರಂತೆ ಜನರು ಪ್ರಾಣ ಕಳೆದುಕೊಂಡರು. ಅವರಲ್ಲಿ ಹೆಬ್ಬಾಳದ ಬಳಿ ರಸ್ತೆ ದಾಟುತ್ತಿದ್ದ ಒಬ್ಬ ಶಾಲಾ ಬಾಲಕಿಯೂ ಇದ್ದಳು. ಆಗ ಚಾಲಕರ ಮೇಲೆ ಜನರ ಆಕ್ರೋಶ ಹರಿಯಿತು. ತಪ್ಪು ಮಾಡಿದ ಚಾಲಕನಿಗೆ ಶಿಕ್ಷೆಯಾಗಲೇಬೇಕು. ಆದರೆ ದಿನಕ್ಕೆ ಇಷ್ಟು ಟ್ರಿಪ್ಪು ಮುಗಿಸಲೇಬೇಕೆಂದು ಅವಸರಪಡಿಸುವ ವ್ಯವಸ್ಥೆಯನ್ನು ಯಾರು ವಿಚಾರಣೆಗೆ ಗುರಿಪಡಿಸುತ್ತಾರೆ?

ಹಳ್ಳಿಗಳ ಕೊರಳಿಗೆ ನಗರದ ಕಸ

ಈ ಲಾರಿಗಳು ಕೊನೆಗೆ ಎಲ್ಲಿಗೆ ಹೋಗುತ್ತವೆ? ರಾಜಧಾನಿಯ ಇತಿಹಾಸವನ್ನು ನೋಡಿ. ಬೆಂಗಳೂರಿನ ಕಸವು ವರ್ಷಗಟ್ಟಲೆ ಯಲಹಂಕದಾಚೆಯ ಮಾವಳ್ಳಿಪುರಕ್ಕೆ ಹೋಯಿತು. ನೀರು ಕೆಟ್ಟು, ರೋಗ ಹರಡಿ, ಬೇಸತ್ತ ಗ್ರಾಮಸ್ಥರು ಲಾರಿಗಳನ್ನು ತಡೆದರು. 2012ರಲ್ಲಿ ಮಾವಳ್ಳಿಪುರ ಮುಚ್ಚಿತು. ಬೆಂಗಳೂರಿನ ಬೀದಿಗಳಲ್ಲಿ ಕಸ ಬೆಟ್ಟವಾಗಿ ಬೆಳೆಯಿತು. ಬಳಿಕ ಲಾರಿಗಳು ಮಂಡೂರಿನತ್ತ ತಿರುಗಿದವು. ಅಲ್ಲಿಯೂ ಜನರು ರಸ್ತೆಗಿಳಿದರು. 2014ರ ಡಿಸೆಂಬರ್ 1ರಿಂದ ಮಂಡೂರಿಗೆ ಕಸ ಒಯ್ಯುವುದನ್ನು ನಿಲ್ಲಿಸಬೇಕಾಯಿತು. ಮುಂದಿನ ಸರದಿ ದೊಡ್ಡಬಳ್ಳಾಪುರ ತಾಲೂಕಿನ ಹಳ್ಳಿಗಳದ್ದು ಮತ್ತು ನಗರದಂಚಿನ ಹಳೆಯ ಕಲ್ಲುಕ್ವಾರಿಗಳದ್ದು. ಪ್ರತಿ ಬಾರಿಯೂ ಬದಲಾದದ್ದು ಹಳ್ಳಿಯ ಹೆಸರು ಮಾತ್ರ. ಬೆರಕೆ ಕಸವನ್ನು ಲಾರಿಗೆ ತುಂಬಿ ದೂರ ಕಳುಹಿಸುವ ನೀತಿಯು ಕೂದಲೆಳೆಯಷ್ಟೂ ಬದಲಾಗಲಿಲ್ಲ.

ಮಂಗಳೂರಿನ ಓದುಗರಿಗೆ ಪಚ್ಚನಾಡಿಯ ನೆನಪು ಇನ್ನೂ ಮಾಸಿರಲಾರದು. 2019ರ ಆಗಸ್ಟ್ ತಿಂಗಳ ಮಳೆಗೆ ಅಲ್ಲಿನ ಕಸದ ಬೆಟ್ಟ ಜಾರಿ ಮಂದಾರ ಪ್ರದೇಶದ ಮನೆಗಳನ್ನೂ ಅಡಿಕೆ, ತೆಂಗಿನ ತೋಟಗಳನ್ನೂ ನುಂಗಿತು. ಇಪ್ಪತ್ತಕ್ಕೂ ಹೆಚ್ಚು ಕುಟುಂಬಗಳು ಹುಟ್ಟಿ ಬೆಳೆದ ನೆಲವನ್ನು ತೊರೆಯಬೇಕಾಯಿತು. ಅಲ್ಲಿ ಹರಿದುಬಂದ ಕಸದಲ್ಲಿ ಯಾವುದು ಯಾರ ಮನೆಯದ್ದೆಂದು ಗುರುತಿಸಲು ಸಾಧ್ಯವಿತ್ತೇ? ನಗರದ ಎಲ್ಲರದ್ದೂ ಅದರಲ್ಲಿತ್ತು.

ತುಮಕೂರು ಇದಕ್ಕೆ ಹೊರತಲ್ಲ. ನಮ್ಮ ನಗರದ ಕಸ ಸೇರುವುದು ಅಜ್ಜಗೊಂಡನಹಳ್ಳಿಯ ಘಟಕಕ್ಕೆ. ಆ ಘಟಕದ ವಿರುದ್ಧ ಸುತ್ತಲಿನ ಗ್ರಾಮಸ್ಥರು ಪ್ರತಿಭಟಿಸಿದಾಗಲೆಲ್ಲ ನಗರವಾಸಿಗಳಾದ ನಾವು ಕೇಳಿದ ಪ್ರಶ್ನೆ ಒಂದೇ: 'ನಾಳೆಯಿಂದ ಕಸದ ಗಾಡಿ ಬರುತ್ತದೋ ಇಲ್ಲವೋ?' ಅವರ ಬಾವಿಯ ನೀರು ಹೇಗಿದೆಯೆಂದು ಕೇಳಿದವರು ಎಷ್ಟು ಮಂದಿ? ನೆರೆಯವನೆಂದರೆ ಗೋಡೆಯಾಚೆಗಿನವನು ಮಾತ್ರವಲ್ಲ. ನಮ್ಮ ಕಸ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗಿನ ಪ್ರತಿಯೊಬ್ಬನೂ ನಮ್ಮ ನೆರೆಯವನೇ.

ಇದರಿಂದ ಲಾಭ ಯಾರಿಗೆ?

ಇಷ್ಟೆಲ್ಲ ಅನುಭವದ ಬಳಿಕವೂ ಈ ನೀತಿ ಬದಲಾಗದಿರಲು ಕಾರಣವೇನು? ಟನ್ನಿನ ಲೆಕ್ಕದಲ್ಲೋ ಟ್ರಿಪ್ಪಿನ ಲೆಕ್ಕದಲ್ಲೋ ಹಣ ಪಾವತಿಸುವ ಗುತ್ತಿಗೆಯನ್ನು ಪರಿಶೀಲಿಸಿ. ಕಸ ಹೆಚ್ಚಿದಷ್ಟೂ, ಅದು ಒದ್ದೆಯಾಗಿ ತೂಗಿದಷ್ಟೂ, ದೂರ ಸಾಗಿದಷ್ಟೂ ಗುತ್ತಿಗೆದಾರನಿಗೆ ಬಿಲ್ಲು ಹೆಚ್ಚುತ್ತದೆ. ಕಸ ಕಡಿಮೆಯಾದರೆ ಅವನಿಗೆ ನಷ್ಟ. ಇಂತಹ ಒಪ್ಪಂದಕ್ಕೆ ಸಹಿ ಹಾಕಿ, ಜೊತೆಗೆ 'ಕಸ ಕಡಿಮೆ ಮಾಡಿ' ಎಂದು ಗೋಡೆಬರಹ ಬರೆಸುವುದು ಎಂತಹ ವಿರೋಧಾಭಾಸ! 2016ರ ಸೆಪ್ಟೆಂಬರಿನಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾಯಿತು. ನಗರವು ಜಾಣವಾಗುವುದು ದೀಪದ ಕಂಬಗಳಿಂದಲ್ಲ. ಒಂದು ರೂಪಾಯಿಯನ್ನು ಸಾಗಾಟಕ್ಕೆ ಸುರಿಯಬೇಕೋ ಸಂಸ್ಕರಣೆಗೆ ಹೂಡಬೇಕೋ ಎಂಬ ವಿವೇಕದಿಂದ.

ಕಾನೂನಿನ ಕೊರತೆಯಂತೂ ಇಲ್ಲ. ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಫಲವಾಗಿ 2000ದಲ್ಲಿ ದೇಶಕ್ಕೆ ಘನತ್ಯಾಜ್ಯದ ನಿಯಮಗಳು ಬಂದವು. 2016ರಲ್ಲಿ ಅವುಗಳ ಜಾಗಕ್ಕೆ ಬಂದ ನಿಯಮಗಳು ಹಸಿ, ಒಣ ಮತ್ತು ಅಪಾಯಕಾರಿ ಎಂದು ಮೂರು ಬಗೆಯಾಗಿ ಮನೆಯಲ್ಲೇ ವಿಂಗಡಿಸಬೇಕೆಂದವು. 2026ರ ಏಪ್ರಿಲ್ 1ನ್ನು ಜಾರಿಯ ದಿನವಾಗಿಸಿಕೊಂಡ ಹೊಸ ನಿಯಮಗಳು ಇದನ್ನು ನಾಲ್ಕಾಗಿಸಿವೆ: ಹಸಿ ಕಸ, ಒಣ ಕಸ, ಡೈಪರ್ ಮತ್ತು ಪ್ಯಾಡ್‌ಗಳಂತಹ ನೈರ್ಮಲ್ಯ ಕಸ, ಬಣ್ಣದ ಡಬ್ಬ, ಬಲ್ಬು ಹಾಗೂ ಹಳೆಯ ಔಷಧಿಗಳಂತಹ ವಿಶೇಷ ಎಚ್ಚರಿಕೆಯ ಕಸ. ದಿನಕ್ಕೆ 100 ಕಿಲೋ ಅಥವಾ ಅದಕ್ಕಿಂತ ಹೆಚ್ಚು ಕಸ ಉತ್ಪಾದಿಸುವ ಸಂಸ್ಥೆಗಳ ಮೇಲೆ ಪ್ರತ್ಯೇಕ ಹೊಣೆಯಿದೆ. ನಮ್ಮ ಹೈಕೋರ್ಟ್ 2015ರ ಡಿಸೆಂಬರಿನಲ್ಲಿ ಬೆಂಗಳೂರಿಗೆ 'ಎರಡು ಬುಟ್ಟಿ, ಒಂದು ಚೀಲ'ದ ಪದ್ಧತಿಯನ್ನು ಕಡ್ಡಾಯಗೊಳಿಸಿತ್ತು. ಕೊರತೆಯಿರುವುದು ಪಾಲನೆಯಲ್ಲಿ.

ಆದೀತೆಂಬುದಕ್ಕೆ ಸಾಕ್ಷಿ

ಇದೆಲ್ಲ ಕಾಗದದ ಮೇಲೆ ಚೆನ್ನ, ನಡೆಯುವ ಮಾತಲ್ಲ ಎನ್ನುವವರು ಮೈಸೂರಿನ ಕುಂಬಾರಕೊಪ್ಪಲಿಗೆ ಹೋಗಿಬರಲಿ. ಬಡಾವಣೆಯ ನಡುವೆಯೇ ಇರುವ ಅಲ್ಲಿನ ಶೂನ್ಯ ತ್ಯಾಜ್ಯ ಘಟಕದಲ್ಲಿ ಸುತ್ತಲಿನ ಮನೆಗಳ ಕಸವನ್ನು ವಿಂಗಡಿಸಿ, ಹಸಿಯನ್ನು ಗೊಬ್ಬರವಾಗಿಸಿ, ಒಣದ್ದನ್ನು ಬಗೆಬಗೆಯಾಗಿ ಬೇರ್ಪಡಿಸಿ ಮಾರುವ ವ್ಯವಸ್ಥೆ ಬೆಳೆದುಬಂತು. ನೆರೆಯ ಕೇರಳದ ಆಲಪ್ಪುಳವನ್ನು ನೋಡಿ. ನಗರದ ಕಸವನ್ನು ಸುರಿಯುತ್ತಿದ್ದ ಸರ್ವೋದಯಪುರಂ ಜನರು ಲಾರಿ ತಡೆದಾಗ ಆ ನಗರ ಇನ್ನೊಂದು ಹಳ್ಳಿಯನ್ನು ಹುಡುಕಲಿಲ್ಲ. 2012ರಿಂದ ಮನೆಗಳಲ್ಲಿ ಜೈವಿಕ ಅನಿಲ ಮತ್ತು ಪೈಪ್ ಕಾಂಪೋಸ್ಟ್ ವ್ಯವಸ್ಥೆ, ಬೀದಿಗಳಲ್ಲಿ ಗೊಬ್ಬರದ ತೊಟ್ಟಿಗಳನ್ನು ಅಳವಡಿಸಿ ಹಸಿ ಕಸವನ್ನು ಹುಟ್ಟಿದಲ್ಲೇ ಮುಗಿಸುವ ಮಾರ್ಗ ಹಿಡಿಯಿತು. 2017ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಅದನ್ನು ಮಾದರಿ ನಗರಗಳ ಸಾಲಿನಲ್ಲಿ ಹೆಸರಿಸಿತು. ಅದೇ ಕೇರಳದ ಕೊಚ್ಚಿಯಲ್ಲಿ ಕಸವನ್ನು ಬ್ರಹ್ಮಪುರಂನಲ್ಲಿ ರಾಶಿ ಹಾಕುತ್ತ ಹೋದದ್ದರ ಫಲವಾಗಿ 2023ರ ಮಾರ್ಚ್‌ನಲ್ಲಿ ಹೊತ್ತಿದ ಬೆಂಕಿ ದಿನಗಟ್ಟಲೆ ಇಡೀ ನಗರದ ಉಸಿರುಗಟ್ಟಿಸಿತು. ಎರಡು ದಾರಿಗಳೂ ನಮ್ಮ ಕಣ್ಣ ಮುಂದಿವೆ.

ತುಮಕೂರಿಗೆ ಒಂದು ವಿಶೇಷ ಅನುಕೂಲವೂ ಇದೆ. ಗುಬ್ಬಿ ಮತ್ತು ಕುಣಿಗಲ್ ತಾಲೂಕುಗಳ ತೆಂಗು, ಅಡಿಕೆ ತೋಟಗಳಿಗೆ ಗೊಬ್ಬರ ಬೇಕು. ಗಾಜು, ಪ್ಲಾಸ್ಟಿಕ್ ಚೂರುಗಳು ಬೆರೆತ ಗೊಬ್ಬರವನ್ನು ರೈತ ತನ್ನ ತೋಟಕ್ಕೆ ಹಾಕಲು ಒಪ್ಪುವುದಿಲ್ಲ, ಒಪ್ಪಲೂಬಾರದು. ಮನೆಯಲ್ಲೇ ವಿಂಗಡಿಸಿದ ಹಸಿ ಕಸದ ಗೊಬ್ಬರವನ್ನಾದರೆ ಕೊಳ್ಳುತ್ತಾನೆ. ಎಪಿಎಂಸಿಗೆ ಸರಕು ತಂದು ಖಾಲಿ ಮರಳುವ ವಾಹನಗಳು ಆ ಗೊಬ್ಬರವನ್ನು ಒಯ್ಯಬಹುದು. ಆಗ ಹೊಸದಾಗಿ ಒಂದು ಲಾರಿಯೂ ರಸ್ತೆಗಿಳಿಯಬೇಕಾಗಿಲ್ಲ.

ನಾವು ಕೇಳಬೇಕಾದದ್ದು, ಮಾಡಬೇಕಾದದ್ದು

ಬಟವಾಡಿಯ ನಿವಾಸಿಗಳು ಪಾಲಿಕೆಯ ಮುಂದೆ ಐದು ಬೇಡಿಕೆಗಳನ್ನಿಡಬೇಕು. ಒಂದು, ಕಸದ ವಾಹನಗಳ ಮಾರ್ಗ ಮತ್ತು ವೇಳೆಯನ್ನು ಬಹಿರಂಗವಾಗಿ ಪ್ರಕಟಿಸಿ, ಶಾಲೆಗಳು ಆರಂಭವಾಗುವ ಮತ್ತು ಬಿಡುವ ಹೊತ್ತಿನಲ್ಲಿ ಆ ಬೀದಿಗಳಿಗೆ ದೊಡ್ಡ ಲಾರಿಗಳು ಬರದಂತೆ ತಡೆಯುವುದು. ಎರಡು, ಮುಚ್ಚಳವಿಲ್ಲದ, ಕೊಳೆನೀರು ಸೋರುವ ವಾಹನ ರಸ್ತೆಗಿಳಿದರೆ ಗುತ್ತಿಗೆದಾರನಿಗೆ ದಂಡ ವಿಧಿಸುವುದು. ಮೂರು, ಮಾರುಕಟ್ಟೆ, ಹೋಟೆಲ್ ಮತ್ತು ಕಲ್ಯಾಣ ಮಂಟಪಗಳ ಹಸಿ ಕಸವನ್ನು ಸಾಧ್ಯವಾದಷ್ಟು ಅಲ್ಲಲ್ಲೇ ಸಂಸ್ಕರಿಸುವಂತೆ ಮಾಡುವುದು. ನಾಲ್ಕು, ವಾರ್ಡ್ ಮಟ್ಟದ ಗೊಬ್ಬರ ಘಟಕ ಹಾಗೂ ಒಣ ಕಸ ಕೇಂದ್ರ. ಐದು, ಸಾಗಿಸಿದ ಕಸಕ್ಕಲ್ಲ, ಸಾಗಿಸದೆ ಉಳಿಸಿದ ಕಸಕ್ಕೆ ಪ್ರೋತ್ಸಾಹಧನ ನೀಡುವ ಗುತ್ತಿಗೆ. ಗುತ್ತಿಗೆಯ ಷರತ್ತುಗಳನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಯಾವ ನಾಗರಿಕನೂ ಕೇಳಿ ಪಡೆಯಬಹುದು.

ನಾಲ್ಕನೆಯ ಬೇಡಿಕೆಯ ಬಗ್ಗೆ ಒಂದು ಮಾತು. ಘಟಕ ಬೇಕೆನ್ನುವ ನಾವೇ, ಅದು ನಮ್ಮ ಬೀದಿಯಲ್ಲಿ ಬೇಡವೆಂದರೆ ನಮಗೂ ಪಾಲಿಕೆಗೂ ವ್ಯತ್ಯಾಸ ಉಳಿಯುವುದಿಲ್ಲ. ಶುದ್ಧವಾಗಿ ನಿರ್ವಹಿಸಲು ಬೇಕಾದ ಷರತ್ತುಗಳನ್ನು ಹಾಕೋಣ. ನಿತ್ಯ ಪರಿಶೀಲನೆಗೆ ನಿವಾಸಿಗಳ ಸಮಿತಿ ಇರಲೆಂದು ಪಟ್ಟು ಹಿಡಿಯೋಣ. ಆದರೆ ನಮ್ಮ ಪಾಲಿನ ಹೊರೆಯನ್ನು ಹೊರಲು ಸಿದ್ಧರಾಗೋಣ. ನ್ಯಾಯ ಕೇಳುವವನು ನ್ಯಾಯಕ್ಕೆ ಒಳಪಡಲೂ ಬೇಕು.

ಸಮುದಾಯದ ಮಟ್ಟದಲ್ಲಿ ನಮಗಿರುವ ಹೊಣೆಗಳೂ ಚಿಕ್ಕವಲ್ಲ. ನಮ್ಮ ಮದುವೆಗಳ ಮರುದಿನ ಮಂಟಪದ ಹಿಂಬದಿಗೆ ಹೋಗಿ ನೋಡಿ. ತಿನ್ನದೆ ಬಿಸಾಡಿದ ಬಿರಿಯಾನಿ ಮತ್ತು ಪ್ಲಾಸ್ಟಿಕ್ ತಟ್ಟೆಗಳು ಒಂದರಲ್ಲೊಂದು ಬೆರೆತು ರಾಶಿ ಬಿದ್ದಿರುತ್ತವೆ. ಊಟದ ಪ್ರಮಾಣ ಇಳಿಸಿದರೆ, ಬಳಸಿ ಬಿಸಾಡುವ ತಟ್ಟೆಯನ್ನು ಕೈಬಿಟ್ಟರೆ ಲಾರಿಯ ಹೊರೆಯೂ ದುಂದುವೆಚ್ಚವೂ ಒಟ್ಟಿಗೆ ಇಳಿಯುತ್ತವೆ. ಬಕ್ರೀದ್ ಸಂದರ್ಭದಲ್ಲಿ ಪ್ರಾಣಿತ್ಯಾಜ್ಯವು ಚರಂಡಿಗಾಗಲಿ ಮನೆಕಸದ ಗಾಡಿಗಾಗಲಿ ಸೇರಬಾರದು. ಮಸೀದಿ ಕಮಿಟಿಗಳು ಮುಂಚಿತವಾಗಿಯೇ ಪಾಲಿಕೆಯೊಂದಿಗೆ ಮಾತನಾಡಿ ಪ್ರತ್ಯೇಕ ಮುಚ್ಚಿದ ವಾಹನವನ್ನೂ ಸಂಗ್ರಹದ ಸ್ಥಳವನ್ನೂ ಗೊತ್ತುಪಡಿಸಿಕೊಳ್ಳಬೇಕು. ಹಬ್ಬದ ಸಂಜೆ ನಮ್ಮ ಬೀದಿ ಮುಂಜಾನೆಗಿಂತ ಸ್ವಚ್ಛವಾಗಿದ್ದರೆ, ನಾವು ನಾಲ್ಕು ಭಾಷಣಗಳಲ್ಲಿ ಹೇಳಬೇಕಾದ್ದನ್ನು ನೆರೆಯ ಸಹೋದರ ಸಮುದಾಯಕ್ಕೆ ಆ ಬೀದಿಯೇ ಹೇಳುತ್ತದೆ.

ಕೊನೆಯದಾಗಿ ಗುಜರಿ ಸಹೋದರರ ವಿಚಾರ. ತಳ್ಳುಗಾಡಿಯಲ್ಲಿ ರದ್ದಿ, ಹಳೆಯ ಕಬ್ಬಿಣ, ಪ್ಲಾಸ್ಟಿಕ್ ಕೊಂಡು ಬೀದಿ ಬೀದಿ ಅಲೆಯುವವರಲ್ಲಿ ನಮ್ಮ ಸಮುದಾಯದ ಬಡವರು ಬಹಳ ಮಂದಿಯಿದ್ದಾರೆ. ಅವರು ಒಯ್ಯುವ ಪ್ರತಿಯೊಂದು ಕಿಲೋ ಕೂಡ ಕಸದ ಲಾರಿಯಿಂದ ಇಳಿದ ಕಿಲೋ. ನಗರಕ್ಕೆ ಇಷ್ಟು ದೊಡ್ಡ ಉಪಕಾರ ಮಾಡುವವರನ್ನು ಸಮಾಜವು ಸಂಶಯದ ಕಣ್ಣಿನಿಂದ ನೋಡುತ್ತದೆ. ಬೆಂಗಳೂರಿನ ಪಾಲಿಕೆಯು 2011ರಿಂದ ಕಸ ಆಯುವವರಿಗೆ ಗುರುತಿನ ಚೀಟಿ ನೀಡತೊಡಗಿತು. ಒಣ ಕಸ ಕೇಂದ್ರಗಳ ನಿರ್ವಹಣೆಯಲ್ಲೂ ಅವರಿಗೆ ಸ್ಥಾನ ದೊರೆಯಿತು. ತುಮಕೂರಿನಲ್ಲಿಯೂ ವಾರ್ಡ್ ಕೇಂದ್ರಗಳು ಆರಂಭವಾಗುವಾಗ ದೊಡ್ಡ ಕಂಪೆನಿಗಳಿಗಿಂತ ಮೊದಲು ಇವರಿಗೆ ಅವಕಾಶ ಸಿಗಬೇಕು. ಗುರುತಿನ ಚೀಟಿ, ಕೈಗವಸು, ಮಕ್ಕಳಿಗೆ ಶಾಲೆ, ಗೌರವದ ದುಡಿಮೆ ಸಿಗಬೇಕು.

ಬಂಧುಗಳೇ, ನಾಳೆ ಬೆಳಿಗ್ಗೆ ಕಸದ ಗಾಡಿ ನಮ್ಮ ಮನೆಯ ಮುಂದೆ ನಿಂತಾಗ ನಮ್ಮ ಕೈಯಲ್ಲಿ ಒಂದೇ ಚೀಲ ಇರಬಾರದು. ಹಸಿಯನ್ನು ಬೇರೆ, ಒಣವನ್ನು ಬೇರೆ ಮಾಡಿ ಕೊಡೋಣ. ಎರಡನ್ನೂ ಗಾಡಿಯಲ್ಲಿ ಮತ್ತೆ ಒಂದಾಗಿಸಿದರೆ ಅಲ್ಲಿಯೇ ಪ್ರಶ್ನಿಸೋಣ, ಲಿಖಿತ ದೂರು ಕೊಡೋಣ. ಹಿತ್ತಲಿದ್ದವರು ಹಸಿ ಕಸವನ್ನು ಗೇಟಿನಿಂದ ಹೊರಗೇ ಬಿಡದಿರೋಣ. ಹತ್ತು ಮನೆಗಳು ಹೀಗೆ ಮಾಡಿದರೆ ಪಾಲಿಕೆಗೆ ಗೊತ್ತೇ ಆಗುವುದಿಲ್ಲ. ಇಡೀ ಬಟವಾಡಿ ಮಾಡಿದರೆ ಒಂದು ಲಾರಿ ನಿಲ್ಲುತ್ತದೆ. ಆ ಲಾರಿ ಹಾದುಹೋಗದ ಬೀದಿಗಳಲ್ಲಿ, ಅದು ತಲುಪದ ಹಳ್ಳಿಯಲ್ಲಿ, ನಮ್ಮ ಹೆಸರನ್ನೂ ಅರಿಯದ ಜನರು ಒಂದಿಷ್ಟು ನೆಮ್ಮದಿಯ ಉಸಿರು ಬಿಡುತ್ತಾರೆ. ಅವರಿಗೆ ನಮ್ಮಿಂದ ಸಲ್ಲಬೇಕಾದ ಹಕ್ಕು ಅದು.